ಗಡ್ಡದ ಓತಿಗೆ ಬೇಕಾದ ಬಿಸಿಲು: ಟಿ5 ಯುವಿಬಿ ಕಿಟ್, ಹ್ಯಾಲೋಜನ್ ದೀಪ ಮತ್ತು ಡಿಮ್ಮಿಂಗ್ ಥರ್ಮೋಸ್ಟಾಟ್

ಬಿಯರ್ಡೆಡ್ ಡ್ರ್ಯಾಗನ್ ಎಂಬ ಆಸ್ಟ್ರೇಲಿಯಾದ ಓತಿಯನ್ನು ಮನೆಯಲ್ಲಿ ಸಾಕುವವರ ಖರ್ಚಿನಲ್ಲಿ ಪ್ರಾಣಿಯ ಬೆಲೆಗಿಂತ ದೀಪಗಳ ಬೆಲೆಯೇ ಹೆಚ್ಚು. ಆ ಪ್ರಾಣಿ ಹತ್ತು ವರ್ಷ ಆರೋಗ್ಯವಾಗಿ ಬಾಳುತ್ತದೆಯೋ, ಒಂದೆರಡು ವರ್ಷದಲ್ಲೇ ಮೂಳೆ ಮೆತ್ತಗಾಗಿ ನರಳುತ್ತದೆಯೋ ಎಂಬುದು ಬಹುಮಟ್ಟಿಗೆ ಆ ದೀಪಗಳ ಆಯ್ಕೆಯನ್ನೇ ಅವಲಂಬಿಸಿದೆ. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಮನೆಯಲ್ಲಿ 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಮರದ ವಿವೇರಿಯಂನಲ್ಲಿ, ಅಂದರೆ ಪ್ರಾಣಿ ಸಾಕುವ ಮುಚ್ಚಿದ ಗೂಡಿನಲ್ಲಿ, ಅಂಥ ಒಂದು ಓತಿ ಇದೆ. ಅದಕ್ಕಾಗಿ ನಾವು ಬಳಸುತ್ತಿರುವ ಆರ್ಕೇಡಿಯಾ ಕಂಪನಿಯ 39 ವಾಟ್‌ನ ಪ್ರೊ ಟಿ5 ಕಿಟ್ (12 ಪ್ರತಿಶತ ಯುವಿಬಿ, ಅಂದರೆ ನೇರಳಾತೀತ ಕಿರಣದ, ಟ್ಯೂಬಿನದು), ಅಗಲವಾಗಿ ಬೆಳಕು ಚೆಲ್ಲುವ ಹ್ಯಾಲೋಜನ್ ಫ್ಲಡ್ ದೀಪ, ದೀಪದ ಬಿಸಿಯನ್ನು ಹದದಲ್ಲಿಡುವ ಹ್ಯಾಬಿಸ್ಟಾಟ್ ಕಂಪನಿಯ ಡಿಮ್ಮಿಂಗ್ ಥರ್ಮೋಸ್ಟಾಟ್, ಈ ಮೂರರ ಬಗ್ಗೆ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಗಾತ್ರದ ಗೂಡಿಗೆ, ಈ ಜಾತಿಯ ಪ್ರಾಣಿಗೆ, ಇದಕ್ಕಿಂತ ಒಳ್ಳೆಯ ಜೋಡಣೆ ಸಾಮಾನ್ಯ ಮನೆಯವರ ಕೈಗೆಟಕುವ ಬೆಲೆಯಲ್ಲಿ ಸಿಗುವುದಿಲ್ಲ. ಆದರೆ ಪೆಟ್ಟಿಗೆಯ ಮೇಲೆ ಅಚ್ಚಾದ ವಾಟ್ ಮತ್ತು ಪ್ರತಿಶತಗಳನ್ನಷ್ಟೇ ನೋಡಿ ಕೊಂಡು ತಂದರೆ ಇದೇ ಸಾಮಾನು ವ್ಯರ್ಥವೂ ಆಗಬಹುದು, ಅಪಾಯಕಾರಿಯೂ ಆಗಬಹುದು. ಓತಿಯ ಬೆನ್ನಿನ ಮಟ್ಟದಲ್ಲಿ ಎಷ್ಟು ಶಾಖ ಮತ್ತು ಎಷ್ಟು ನೇರಳಾತೀತ ಕಿರಣ ಬೀಳುತ್ತಿದೆ ಎಂಬುದೊಂದೇ ಇಲ್ಲಿ ಲೆಕ್ಕಕ್ಕೆ ಬರುವ ಸಂಗತಿ.

ಈ ಪ್ರಾಣಿಯ ವೈಜ್ಞಾನಿಕ ಹೆಸರು ಪೊಗೋನಾ ವಿಟಿಸೆಪ್ಸ್. ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲು ಮತ್ತು ಕುರುಚಲು ಕಾಡು ಇದರ ತವರು. ನಮ್ಮ ಊರುಗಳ ಬೇಲಿ ಮತ್ತು ಕಾಂಪೌಂಡ್ ಗೋಡೆಗಳ ಮೇಲೆ ತಲೆಯಾಡಿಸುತ್ತ ಕೂರುವ ಓತಿಕ್ಯಾತ ಇದೇ ಅಗಾಮಿಡೇ ಕುಟುಂಬಕ್ಕೆ ಸೇರಿದ್ದು. ಆದ್ದರಿಂದ ಬೆಳಗಿನ ಹೊತ್ತು ಓತಿಕ್ಯಾತ ಏನು ಮಾಡುತ್ತದೆ ಎಂದು ಚಿಕ್ಕಂದಿನಲ್ಲಿ ಗಮನಿಸಿದ ಯಾರಿಗೇ ಆಗಲಿ ಇದರ ಅಗತ್ಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದೀಪ ಹತ್ತಿದ ಕೂಡಲೇ ಇದು ಕಲ್ಲಿನ ಮೇಲೇರಿ ಪಕ್ಕೆಗಳನ್ನು ಅಗಲಿಸಿ ಮೈಯನ್ನು ರೊಟ್ಟಿಯಂತೆ ಚಪ್ಪಟೆ ಮಾಡಿಕೊಳ್ಳುತ್ತದೆ, ಬೆನ್ನಿನ ಬಣ್ಣವನ್ನು ಕಪ್ಪಾಗಿಸಿಕೊಳ್ಳುತ್ತದೆ, ಬೆಳಕಿಗೆ ಎದುರಾಗಿ ಓರೆಯಾಗಿ ಮಲಗುತ್ತದೆ. ಮೈ ಕಾದ ಮೇಲೆ ಬಣ್ಣ ತಿಳಿಯಾಗುತ್ತದೆ. ಇನ್ನೂ ಹೆಚ್ಚು ಕಾದರೆ ಬಾಯಿ ತೆರೆದು ಕೂತು, ಆಮೇಲೆ ತಂಪಾದ ಕಡೆಗೆ ಇಳಿದುಹೋಗುತ್ತದೆ. ಶೀತರಕ್ತದ ಪ್ರಾಣಿಯಾದ್ದರಿಂದ ಮೇವು ಜೀರ್ಣವಾಗುವುದು, ರೋಗಕ್ಕೆ ಎದುರು ನಿಲ್ಲುವುದು, ಓಡಾಡುವ ಚೈತನ್ಯ ಬರುವುದು ಎಲ್ಲವೂ ಹೊರಗಿನ ಶಾಖದಿಂದಲೇ. ಆ ಶಾಖ ಮೇಲಿನಿಂದ, ಬೆಳಕಿನ ಜೊತೆಗೇ ಬರುತ್ತದೆ ಎಂಬ ನಂಬಿಕೆಯ ಮೇಲೆ ಅದರ ಇಡೀ ನಡವಳಿಕೆ ನಿಂತಿದೆ. ನೆತ್ತಿಯ ಮೇಲೆ ಬೆಳಕನ್ನು ಗ್ರಹಿಸುವ ಒಂದು ಸಣ್ಣ ಮೂರನೆಯ ಕಣ್ಣೂ ಅದಕ್ಕಿದೆ. ಹಾಗಾಗಿ ಕೆಳಗಿನಿಂದ ಬಿಸಿ ಮಾಡುವ ಹೀಟ್ ಮ್ಯಾಟ್ ಆಗಲಿ, ಕರೆಂಟಿನಿಂದ ಕಾಯುವ ಕೃತಕ ಕಲ್ಲಾಗಲಿ ಈ ಜಾತಿಗೆ ಹೊಂದುವುದಿಲ್ಲ. ಅಂಥ ಕಲ್ಲಿನ ಮೇಲೆ ಹೊಟ್ಟೆ ಸುಟ್ಟುಕೊಳ್ಳುವ ಪ್ರಾಣಿಗಳ ಚಿಕಿತ್ಸೆ ಸರೀಸೃಪ ವೈದ್ಯರಿಗೆ ಹೊಸದಲ್ಲ.

ಯುವಿಬಿಯ ಕೆಲಸವನ್ನು ಕೊಂಚ ನಿಧಾನವಾಗಿ ಅರ್ಥಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ದೀಪದ ಆಯ್ಕೆಯ ಕಾರಣಗಳೆಲ್ಲ ಅಲ್ಲೇ ಇವೆ. 280ರಿಂದ 315 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಕಿರಣವನ್ನು ಯುವಿಬಿ ಎನ್ನುತ್ತಾರೆ. ಈ ಕಿರಣ ಚರ್ಮದಲ್ಲಿರುವ ಕೊಲೆಸ್ಟೆರಾಲಿಗೆ ಸಂಬಂಧಿಸಿದ ಒಂದು ವಸ್ತುವಿನ ಮೇಲೆ ಬಿದ್ದಾಗ ಅದು ವಿಟಮಿನ್ ಡಿ3ರ ಪೂರ್ವರೂಪವಾಗುತ್ತದೆ, ಆ ಪೂರ್ವರೂಪ ಮೈಯ ಬಿಸಿಯಿಂದ ನಿಜವಾದ ಡಿ3 ಆಗುತ್ತದೆ. ಮುಂದೆ ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ಇನ್ನೆರಡು ಮಾರ್ಪಾಟು ಹೊಂದಿ, ಕರುಳಿನಿಂದ ಕ್ಯಾಲ್ಸಿಯಂ ಹೀರಿಕೊಳ್ಳಲು ನೆರವಾಗುವ ಹಾರ್ಮೋನಿನ ರೂಪ ತಾಳುತ್ತದೆ. ಈ ಸರಪಳಿಯಲ್ಲಿ ಶಾಖವೂ ಒಂದು ಕೊಂಡಿ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಗೂಡಿನ ಒಂದು ತುದಿಯಲ್ಲಿ ಬಿಸಿ ದೀಪ, ಇನ್ನೊಂದು ತುದಿಯಲ್ಲಿ ಯುವಿಬಿ ಟ್ಯೂಬ್ ಹಾಕಿದರೆ ಪ್ರಾಣಿ ಶಾಖವಿರುವ ಕಡೆಗೇ ಹೋಗಿ ಕೂರುತ್ತದೆ, ಟ್ಯೂಬಿನ ಬೆಳಕು ಖಾಲಿ ಮರಳಿನ ಮೇಲೆ ಬೀಳುತ್ತಿರುತ್ತದೆ. ಬಯಲಿನಲ್ಲಿ ಸೂರ್ಯ ಎರಡನ್ನೂ ಒಂದೇ ಕಡೆಯಿಂದ ಕೊಡುವಂತೆ ಗೂಡಿನಲ್ಲಿಯೂ ಎರಡು ದೀಪಗಳು ಅಕ್ಕಪಕ್ಕದಲ್ಲಿದ್ದು ಒಂದೇ ಕಲ್ಲಿನ ಮೇಲೆ ಬೀಳಬೇಕು.

ಹಾಗಾದರೆ ಎಷ್ಟು ಯುವಿಬಿ ಬೇಕು? ಇದಕ್ಕೆ ಈಗ ಊಹೆಯ ಉತ್ತರ ಬೇಕಾಗಿಲ್ಲ. ಗ್ಯಾರಿ ಫರ್ಗುಸನ್ ಮತ್ತು ಸಂಗಡಿಗರು ಕಾಡಿನಲ್ಲಿ ಹಾವು ಮತ್ತು ಹಲ್ಲಿಗಳು ತಾವಾಗಿಯೇ ಎಷ್ಟು ಯುವಿಗೆ ಮೈಯೊಡ್ಡುತ್ತವೆ ಎಂದು ಅಳೆದು, 2010ರಲ್ಲಿ ಅವುಗಳನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದರು. ಅಳತೆಯ ಮಾನ ನಮ್ಮ ಹವಾಮಾನ ವರದಿಗಳಲ್ಲೂ ಬರುವ ಯುವಿ ಸೂಚ್ಯಂಕವೇ. ಬೆಳಗ್ಗೆ ಮತ್ತು ಸಂಜೆಯ ಮಬ್ಬಿನಲ್ಲಿ ಅಥವಾ ನೆರಳಿನಲ್ಲಿ ಬದುಕುವ ಮೊದಲನೆಯ ವಲಯದ ಪ್ರಾಣಿಗಳಿಗೆ ಸರಾಸರಿ ಸೂಚ್ಯಂಕ 0.7 ದಾಟುವುದಿಲ್ಲ. ಮೂರನೆಯ ವಲಯದವುಗಳಿಗೆ ಸರಾಸರಿ 1.0ರಿಂದ 2.6 ಇದ್ದು, ಅವು ಒಮ್ಮೊಮ್ಮೆ 2.9ರಿಂದ 7.4ರವರೆಗಿನ ತೀವ್ರತೆಗೂ ಮೈಯೊಡ್ಡುತ್ತವೆ. ಫ್ರಾನ್ಸಿಸ್ ಬೇನ್ಸ್ ಮತ್ತು ಬ್ರಿಟನ್ನಿನ ಮೃಗಾಲಯಗಳ ತಜ್ಞರು 2016ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಈ ವಿಂಗಡಣೆಯನ್ನು ನೂರಾರು ಜಾತಿಗಳಿಗೆ ಅನ್ವಯಿಸಿತು. ಬಿಯರ್ಡೆಡ್ ಡ್ರ್ಯಾಗನ್ ಮೂರನೆಯ ವಲಯದ್ದು. ಲೆಪರ್ಡ್ ಗೆಕ್ಕೋ ಎಂಬ ಹಲ್ಲಿ, ಬಾಲ್ ಪೈಥಾನ್ ಎಂಬ ಹೆಬ್ಬಾವು ಮೊದಲನೆಯ ವಲಯದವು. ಸಾಕುವವರಿಗೆ ಇದರ ಸಾರ ಇಷ್ಟೇ: ಡ್ರ್ಯಾಗನ್ ಬಿಸಿಲು ಕಾಯುವ ಕಲ್ಲಿನ ಮೇಲೆ, ಅದರ ಬೆನ್ನಿನ ಮಟ್ಟದಲ್ಲಿ, ಸೂಚ್ಯಂಕ 3ರಿಂದ 5ರ ಆಸುಪಾಸಿನಲ್ಲಿರಬೇಕು, ಗೂಡಿನ ಮತ್ತೊಂದು ತುದಿಗೆ ಹೋದಂತೆ ಅದು ಕಡಿಮೆಯಾಗುತ್ತ ನೆರಳಿನಲ್ಲಿ ಸೊನ್ನೆಗೆ ಇಳಿಯಬೇಕು. ಎಲ್ಲೆಡೆ ಒಂದೇ ಸಮನಾದ ತೀವ್ರತೆ ಇದ್ದರೆ ಪ್ರಾಣಿಗೆ ಆಯ್ಕೆಯೇ ಉಳಿಯುವುದಿಲ್ಲ.

ಪೆಟ್ಟಿಗೆಯ ಮೇಲಿನ ಬರಹದ ಬಗ್ಗೆ ನನ್ನ ಆಕ್ಷೇಪ ಇರುವುದೂ ಇಲ್ಲಿಯೇ, ಮತ್ತು ಇದು ಯಾವುದೋ ಒಂದು ಕಂಪನಿಯ ಮೇಲಿನ ದೂರಲ್ಲ. 5.0, 10.0, 6 ಪ್ರತಿಶತ, 12 ಪ್ರತಿಶತ ಎಂದು ಅಚ್ಚು ಹಾಕುವ ಸಂಖ್ಯೆಗಳು ಆ ಟ್ಯೂಬಿನ ಒಟ್ಟು ಬೆಳಕಿನಲ್ಲಿ ಯುವಿಬಿಯ ಪಾಲೆಷ್ಟು ಎಂಬುದನ್ನು ಸೂಚಿಸುತ್ತವೆಯೇ ಹೊರತು ಪ್ರಾಣಿಯ ಮೈಮೇಲೆ ಎಷ್ಟು ಬೀಳುತ್ತದೆ ಎಂಬುದನ್ನಲ್ಲ. ಅದೇ 12 ಪ್ರತಿಶತದ ಟ್ಯೂಬ್ ತೆಳ್ಳನೆಯ ಟಿ5 ಆಗಿದ್ದರೆ ಒಂದು ತೀವ್ರತೆ, ದಪ್ಪನೆಯ ಹಳೆಯ ಟಿ8 ಆಗಿದ್ದರೆ ಅದಕ್ಕಿಂತ ಬಹಳ ಕಡಿಮೆ. ಹಿಂದೆ ರಿಫ್ಲೆಕ್ಟರ್ ಇದ್ದರೆ ಒಂದು ಲೆಕ್ಕ, ಇಲ್ಲದಿದ್ದರೆ ಇನ್ನೊಂದು. ನಡುವೆ ಲೋಹದ ಜಾಲರಿಯ ಮುಚ್ಚಳವಿದ್ದರೆ ಮೂರರಲ್ಲಿ ಒಂದು ಪಾಲಿನಿಂದ ಅರ್ಧದವರೆಗೆ ಅಲ್ಲೇ ಸೋರಿಹೋಗುತ್ತದೆ. ಗಾಜನ್ನಂತೂ ಯುವಿಬಿ ದಾಟುವುದೇ ಇಲ್ಲ ಎನ್ನಬಹುದು, ಆದ್ದರಿಂದ ಕಿಟಕಿಯ ಪಕ್ಕದಲ್ಲಿ ಗೂಡಿಟ್ಟು ಬಿಸಿಲು ಬೀಳುತ್ತಿದೆ ಎಂದು ನೆಮ್ಮದಿಯಿಂದಿರುವುದು ಪ್ರಾಣಿಗೆ ಅನ್ಯಾಯ. ಇದೆಲ್ಲವನ್ನೂ ತಿಳಿಸಬೇಕಾದ ಅಂಗಡಿಯವರೇ ಹಲವು ಬಾರಿ ಪೆಟ್ಟಿಗೆಯಲ್ಲಿ ಬರೆದದ್ದನ್ನೇ ಓದಿ ಹೇಳುತ್ತಾರೆ. ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ ಎಂಬ ಗಾದೆ ಅಂಥ ಭರವಸೆಗೆ ಸರಿಯಾಗಿ ಹೊಂದುತ್ತದೆ.

ಇನ್ನು ಕಿಟ್‌ನ ವಿಷಯ. ಪ್ರೊ ಟಿ5 ಎಂಬುದು ಟ್ಯೂಬ್, ರಿಫ್ಲೆಕ್ಟರ್ ಮತ್ತು ಟ್ಯೂಬನ್ನು ಹತ್ತಿಸುವ ಎಲೆಕ್ಟ್ರಾನಿಕ್ ಬ್ಯಾಲಾಸ್ಟ್ ಮೂರನ್ನೂ ಒಂದೇ ಉದ್ದನೆಯ ಪಟ್ಟಿಯಲ್ಲಿ ಸೇರಿಸಿದ ಸಾಧನ. 24 ವಾಟ್‌ನ ಟ್ಯೂಬ್ ಸುಮಾರು 55 ಸೆಂಟಿಮೀಟರ್ ಉದ್ದವಿದ್ದರೆ 39 ವಾಟ್‌ನದು ಸುಮಾರು 85, 54 ವಾಟ್‌ನದು ಸುಮಾರು 115. ನಮ್ಮ 120 ಸೆಂಟಿಮೀಟರ್ ಗೂಡಿಗೆ ನಡುವಿನದನ್ನು ಆರಿಸಲು ಕಾರಣವಿದೆ. ಗೂಡಿನ ಬಿಸಿ ತುದಿಯಿಂದ ಹೊರಟು ಮೂರರಲ್ಲಿ ಎರಡು ಪಾಲನ್ನು ಇದು ಆವರಿಸುತ್ತದೆ, ಉಳಿದ ಒಂದು ಪಾಲು ನೆರಳಾಗಿ ಉಳಿಯುತ್ತದೆ. 54 ವಾಟ್‌ನ ಟ್ಯೂಬ್ ಹಾಕಿದ್ದರೆ ಬೆಳಕು ತುದಿಯಿಂದ ತುದಿಗೆ ಹರಡುತ್ತಿತ್ತು, 24 ವಾಟ್‌ನದಾಗಿದ್ದರೆ ಪೂರ್ಣ ಬೆಳೆದ ಪ್ರಾಣಿಯ ಬಾಲದ ಬುಡದವರೆಗೂ ಬೀಳುವಂಥ ವಿಸ್ತಾರ ಸಿಗುತ್ತಿತ್ತಾದರೂ ಅದು ಒಂದಿಷ್ಟು ಅತ್ತಿತ್ತ ಸರಿದರೆ ಹೊರಗುಳಿಯುತ್ತಿತ್ತು.

ಪಟ್ಟಿಯನ್ನು ವಿವೇರಿಯಂನ ಒಳಗಡೆ, ಚಾವಣಿಗೆ, ಹಿಂಬದಿಗೆ ಸ್ವಲ್ಪ ಹತ್ತಿರವಾಗಿ ಸ್ಕ್ರೂ ಹಾಕಿ ಕೂರಿಸಿದ್ದೇವೆ. ಒಳಗೇ ಇರುವುದರಿಂದ ಜಾಲರಿಯ ತಡೆ ಇಲ್ಲ. ಬೆಳಕು ಮೇಲಿನಿಂದ ಬೀಳಬೇಕೆಂಬುದನ್ನು ನಾನು ಒತ್ತಿ ಹೇಳುತ್ತೇನೆ: ಈ ಪ್ರಾಣಿಗಳ ಹುಬ್ಬಿನ ಏಣು ಮೇಲಿನ ಬಿಸಿಲಿನಿಂದ ಕಣ್ಣಿಗೆ ನೆರಳು ಕೊಡುವಂತೆ ರೂಪುಗೊಂಡಿದೆ, ಪಕ್ಕದಿಂದ ಬರುವ ಯುವಿ ನೇರವಾಗಿ ಕಣ್ಣಿನ ಪಾಪೆಗೆ ತಾಗುತ್ತದೆ. ರಿಫ್ಲೆಕ್ಟರ್‌ನ ಬೆಲೆ ಏನೆಂಬುದು ಅದಿಲ್ಲದ ಬರೀ ಟ್ಯೂಬನ್ನು ಪಕ್ಕದಲ್ಲಿಟ್ಟು ಅಳೆದಾಗ ತಿಳಿಯುತ್ತದೆ. ಟ್ಯೂಬ್ ಸುತ್ತಲೂ ಬೆಳಕು ಚೆಲ್ಲುವ ವಸ್ತುವಾದ್ದರಿಂದ ಮೇಲಕ್ಕೆ ಹೋಗುವ ಭಾಗವೆಲ್ಲ ರಿಫ್ಲೆಕ್ಟರ್ ಇಲ್ಲದಿದ್ದರೆ ಚಾವಣಿಯ ಪಾಲು.

ನಮ್ಮೂರಿನ ಸರೀಸೃಪ ಸಾಕುವವರ ಬಳಗದಲ್ಲಿ ಎಲ್ಲರೂ ಸೇರಿ ಕೊಂಡ ಒಂದು ಸೋಲಾರ್‌ಮೀಟರ್ 6.5 ಇದೆ. ಯುವಿ ಸೂಚ್ಯಂಕವನ್ನು ಅಳೆಯುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಉಪಕರಣ ಅದು, ಬೆಲೆ 200 ಪೌಂಡ್‌ಗೂ ಮೇಲು. ಅದನ್ನು ತಂದು ಅಳೆದಾಗ ಟ್ಯೂಬಿನಿಂದ 30 ಸೆಂಟಿಮೀಟರ್ ಕೆಳಗೆ ಸೂಚ್ಯಂಕ 5ರ ಹತ್ತಿರ ಬಂತು, 40 ಸೆಂಟಿಮೀಟರ್ ಕೆಳಗೆ 3ಕ್ಕಿಂತ ತುಸು ಮೇಲೆ. ಅದರಂತೆ ಕಲ್ಲಿನ ಎತ್ತರವನ್ನು ಹೊಂದಿಸಿ, ಪ್ರಾಣಿಯ ಬೆನ್ನು ಟ್ಯೂಬಿನಿಂದ ಸುಮಾರು 35 ಸೆಂಟಿಮೀಟರ್ ದೂರದಲ್ಲಿರುವಂತೆ ಮಾಡಿದೆವು. ಕಲ್ಲಿನಿಂದಲ್ಲ, ಬೆನ್ನಿನಿಂದ ಅಳೆಯಬೇಕು. ದೊಡ್ಡ ಪ್ರಾಣಿ ಎದೆಯೆತ್ತಿ ಕೂತಾಗ ನಾಲ್ಕೈದು ಸೆಂಟಿಮೀಟರ್ ಮೇಲೆ ಬರುತ್ತದೆ, ಆ ಅಂತರದಲ್ಲಿ ಸೂಚ್ಯಂಕವೂ ಏರುತ್ತದೆ. ಮೀಟರ್ ಸಿಗದವರು ತಯಾರಕರೇ ಕೊಡುವ ದೂರದ ಪಟ್ಟಿಯನ್ನು ಅನುಸರಿಸಬಹುದು. ಆದರೆ ಆ ಪಟ್ಟಿ ಜಾಲರಿ ಇಲ್ಲದ, ರಿಫ್ಲೆಕ್ಟರ್ ಇರುವ ಜೋಡಣೆಗೋ ಅಲ್ಲವೋ ಎಂಬುದನ್ನು ಮೊದಲು ಓದಿಕೊಳ್ಳಬೇಕು.

ಇದಕ್ಕೆ ಪರ್ಯಾಯವಾಗಿ ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವುದು ಸುರುಳಿಯಾಕಾರದ ಕಾಂಪ್ಯಾಕ್ಟ್ ಯುವಿಬಿ ಬಲ್ಬ್. ಮನೆಯ ಸಿಎಫ್ಎಲ್ ಬಲ್ಬನ್ನೇ ಹೋಲುವ ಇದು ಅಗ್ಗ, ಯಾವ ಹೋಲ್ಡರಿಗಾದರೂ ಕೂರುತ್ತದೆ, ಹಾಗಾಗಿ ಹೊಸಬರಿಗೆ ಮಾರುವ ಸಿದ್ಧ ಸೆಟ್‌ಗಳಲ್ಲಿ ಇದೇ ಇರುತ್ತದೆ. ಇದರ ಯುವಿಬಿ ಬಲ್ಬಿನ ಕೆಳಗಿನ ಒಂದು ಸಣ್ಣ ವೃತ್ತದಲ್ಲಿ ಮಾತ್ರ ಸಾಕಷ್ಟಿದ್ದು, ಒಂದು ಗೇಣು ಆಚೆಗೆ ಹೋಗುವಷ್ಟರಲ್ಲಿ ಕುಸಿದುಬಿಡುತ್ತದೆ. ಅರ್ಧ ಮೀಟರ್ ಉದ್ದ ಬೆಳೆಯುವ ಪ್ರಾಣಿಯ ತಲೆಗಷ್ಟೇ ಬಿಸಿಲು ಬಿದ್ದಂತೆ ಅದು. ನಮ್ಮ ಪರಿಚಯದ ಕುಟುಂಬವೊಂದು ಅಂಥ ಸೆಟ್ಟನ್ನೇ ನಂಬಿ ಒಂದು ಮರಿಯನ್ನು ಸಾಕಿತು. ಆ ಬಲ್ಬ್ ಜಾಲರಿಯ ಮೇಲೆ, ಕಲ್ಲಿನಿಂದ ಬಲು ಎತ್ತರದಲ್ಲಿತ್ತು. ಕೆಲವು ತಿಂಗಳಲ್ಲಿ ಮರಿ ಹುಳುವನ್ನು ಹಿಡಿದರೂ ಕಚ್ಚಲಾರದಾಯಿತು, ಬೆರಳುಗಳು ಅದುರತೊಡಗಿದವು. ವೈದ್ಯರು ಕೆಳದವಡೆಯನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಒತ್ತಿದಾಗ ಅದು ರಬ್ಬರಿನಂತೆ ಬಾಗಿತು. ಮೆಟಬಾಲಿಕ್ ಬೋನ್ ಡಿಸೀಸ್ ಎಂದು ಕರೆಯುವ ಈ ಕಾಯಿಲೆಯಲ್ಲಿ ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ದೇಹ ತನ್ನ ಮೂಳೆಗಳಿಂದಲೇ ಕಿತ್ತುಕೊಳ್ಳುತ್ತದೆ. ಚಿಕಿತ್ಸೆಯಿಂದ ಆ ಮರಿ ಉಳಿಯಿತು, ಆದರೆ ಮುಂಗಾಲುಗಳ ಬಾಗು ಹೋಗಲಿಲ್ಲ. ಬಲ್ಬ್ ಅಷ್ಟು ಹೊತ್ತೂ ಬೆಳ್ಳಗೆ ಬೆಳಗುತ್ತಲೇ ಇತ್ತು. ಯುವಿಬಿ ಕಣ್ಣಿಗೆ ಕಾಣುವ ವಸ್ತುವಲ್ಲ, ಬೆಳಕಿನ ಹೊಳಪು ಅದರ ಇರುವಿಕೆಗೆ ಪ್ರಮಾಣವಲ್ಲ ಎಂಬುದನ್ನು ಪ್ರತಿಯೊಬ್ಬ ಅಂಗಡಿಯವರೂ ಗಿರಾಕಿಗೆ ಹೇಳಿಯೇ ಕಳಿಸಬೇಕೆಂದು ನನಗೆ ಅನ್ನಿಸುವುದು ಅಂಥವುಗಳನ್ನು ನೋಡಿದಾಗ.

ಆಹಾರದಲ್ಲಿ ಡಿ3 ಪುಡಿ ಬೆರೆಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಬಾಯಿಂದ ಕೊಡುವ ಡಿ3 ಹೆಚ್ಚಾದರೆ ವಿಷವಾಗಬಲ್ಲದು. ಚರ್ಮದಲ್ಲಿ ಬೆಳಕಿನಿಂದ ಆಗುವಾಗ ಅಂಥ ಭಯವಿಲ್ಲ, ಹೆಚ್ಚಿನದು ಅಲ್ಲಿಯೇ ನಿರುಪದ್ರವಿ ವಸ್ತುಗಳಾಗಿ ಮಾರ್ಪಡುತ್ತದೆ. ಒಳ್ಳೆಯ ದೀಪವಿರುವ ಮನೆಯಲ್ಲಿ ದಿನದ ಮೇವಿಗೆ ಬರೀ ಕ್ಯಾಲ್ಸಿಯಂ ಪುಡಿ ಸಾಕು, ಡಿ3 ಇರುವ ಪುಡಿಯನ್ನು ಯಾವಾಗ, ಎಷ್ಟು ಎಂಬುದನ್ನು ವೈದ್ಯರೇ ಹೇಳಲಿ.

ಶಾಖಕ್ಕಾಗಿ ನಾವು ಆರಿಸಿದ್ದು ಹ್ಯಾಲೋಜನ್ ಫ್ಲಡ್ ದೀಪ. ಸೂರ್ಯನಿಂದ ಬರುವ ಅವಕೆಂಪು ಕಿರಣಗಳಲ್ಲಿ ಕಡಿಮೆ ತರಂಗಾಂತರದ ಐಆರ್-ಎ ಎಂಬ ಭಾಗ ಚರ್ಮವನ್ನು ದಾಟಿ ಸ್ನಾಯುಗಳವರೆಗೆ ಇಳಿಯುತ್ತದೆ, ಹೆಚ್ಚಿನ ತರಂಗಾಂತರದ ಐಆರ್-ಸಿ ಚರ್ಮದ ಮೇಲ್ಪದರದಲ್ಲೇ ನಿಂತುಬಿಡುತ್ತದೆ. ಬಿಳುಪಾಗಿ ಉರಿಯುವ ತಂತಿಯ ಹ್ಯಾಲೋಜನ್ ದೀಪ ಐಆರ್-ಎ ಅನ್ನು ಧಾರಾಳವಾಗಿ ಕೊಡುತ್ತದೆ. ಬೆಳಕೇ ಇಲ್ಲದೆ ಬಿಸಿ ಕೊಡುವ ಸೆರಾಮಿಕ್ ಹೀಟರ್ ಕೊಡುವುದು ಬಹುಪಾಲು ದೀರ್ಘ ತರಂಗದ ಶಾಖ. ಹತ್ತಿರದಲ್ಲಿಟ್ಟ ಸೆರಾಮಿಕ್ ಹೀಟರಿನ ಕೆಳಗೆ ಪ್ರಾಣಿಯ ಬೆನ್ನಿನ ಚರ್ಮ ಸುಡುವಷ್ಟು ಕಾದಿದ್ದರೂ ಒಳಮೈ ಇನ್ನೂ ತಣ್ಣಗಿರಬಹುದು, ಹಾಗಾಗಿ ಪ್ರಾಣಿ ಎದ್ದು ಹೋಗದೆ ಅಲ್ಲೇ ಕೂತು ಸುಟ್ಟುಕೊಳ್ಳುವ ಅಪಾಯವಿದೆ. ಹಗಲಿನ ದೀಪವಾಗಿ ಅದನ್ನು ನಾನು ಯಾರಿಗೂ ಸೂಚಿಸಲಾರೆ. ಕೆಂಪು ಬಲ್ಬುಗಳನ್ನೂ ಅಷ್ಟೇ: ಸರೀಸೃಪಗಳಿಗೆ ಕೆಂಪು ಕಾಣುವುದಿಲ್ಲ ಎಂಬುದು ಹಳೆಯ ತಪ್ಪು ತಿಳಿವಳಿಕೆ, ರಾತ್ರಿಯಿಡೀ ಉರಿಯುವ ಯಾವ ಬಣ್ಣದ ಬೆಳಕಾದರೂ ಅವುಗಳ ನಿದ್ದೆಗೆ ಭಂಗ.

ಹ್ಯಾಲೋಜನ್‌ನಲ್ಲೂ ಬೆಳಕಿನ ಕೋನ ಮುಖ್ಯ. ಸ್ಪಾಟ್ ಎಂದು ಮಾರುವ ದೀಪ ಅಂಗೈಯಗಲದ ಜಾಗವನ್ನು ಮಾತ್ರ ಕಾಯಿಸುತ್ತದೆ. ಫ್ಲಡ್ ಎಂದು ಮಾರುವುದು ಪ್ರಾಣಿಯ ಕುತ್ತಿಗೆಯಿಂದ ಬಾಲದ ಬುಡದವರೆಗೆ ಒಂದೇ ಸಮನೆ ಕಾಯಿಸುತ್ತದೆ. ದೊಡ್ಡ ಪ್ರಾಣಿಗೆ ಒಂದೇ ಹೆಚ್ಚು ವಾಟ್‌ನ ದೀಪಕ್ಕಿಂತ ಅಕ್ಕಪಕ್ಕದಲ್ಲಿ ಎರಡು ಕಡಿಮೆ ವಾಟ್‌ನವು ಇನ್ನೂ ಮೇಲು. ನಮ್ಮಲ್ಲಿ ಚಳಿಗಾಲದಲ್ಲಿ ಹೀಗೇ ಎರಡನ್ನು ಬಳಸುತ್ತೇವೆ. ದೀಪ ಕೂರುವ ಹೋಲ್ಡರ್ ಪ್ಲಾಸ್ಟಿಕ್ಕಿನದಾಗಿರಬಾರದು, ಪಿಂಗಾಣಿಯದೇ ಆಗಬೇಕು. ದೀಪ ಗೂಡಿನ ಒಳಗಿದ್ದರೆ ಅದರ ಸುತ್ತ ತಂತಿಯ ಪಂಜರ ಇರಲೇಬೇಕು, ಏಕೆಂದರೆ ಈ ಓತಿಗಳು ಹಾರಿ ಹಿಡಿದುಕೊಳ್ಳಲು ಹಿಂದೆಮುಂದೆ ನೋಡುವುದಿಲ್ಲ.

ಕಲ್ಲಿನ ಮೇಲ್ಮೈ 38ರಿಂದ 42 ಡಿಗ್ರಿ ಸೆಲ್ಸಿಯಸ್, ತಂಪು ತುದಿಯ ಗಾಳಿ 22ರಿಂದ 26 ಡಿಗ್ರಿ: ಇದು ನಮ್ಮ ಗುರಿ. ಮೇಲ್ಮೈಯನ್ನು ಅಳೆಯಲು ಅವಕೆಂಪು ಕಿರಣದ ಥರ್ಮಾಮೀಟರ್ ಗನ್ ಬೇಕು. ಗೂಡಿನ ಗೋಡೆಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್ ಆ ಗೋಡೆಯ ಬಿಸಿಯನ್ನಷ್ಟೇ ಹೇಳುತ್ತದೆ, ಅದನ್ನೂ ಸರಿಯಾಗಿ ಹೇಳುತ್ತದೆಂಬ ಭರವಸೆ ಇಲ್ಲ. ಈ ಅಗ್ಗದ ಗನ್ ಇಲ್ಲದೆ ದುಬಾರಿ ದೀಪ ಕೊಳ್ಳುವುದನ್ನು ನಾನು ಒಪ್ಪಲಾರೆ. ಮೊದಲು ಅಳೆಯುವ ಸಾಧನ, ಆಮೇಲೆ ದೀಪ.

ಮೂರನೆಯ ವಸ್ತು ಡಿಮ್ಮಿಂಗ್ ಥರ್ಮೋಸ್ಟಾಟ್. ಮೂರರಲ್ಲಿ ನನಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟಿರುವುದು ಇದೇ. ಸಾಮಾನ್ಯ ಆನ್-ಆಫ್ ಥರ್ಮೋಸ್ಟಾಟ್ ದೀಪವನ್ನು ಪೂರ್ತಿ ಹತ್ತಿಸುತ್ತದೆ, ಪೂರ್ತಿ ಆರಿಸುತ್ತದೆ. ಹೀಟ್ ಮ್ಯಾಟ್‌ಗೆ ಅದು ಸಾಕು, ಆದರೆ ದೀಪಕ್ಕೆ ಹಾಕಿದರೆ ಗೂಡಿನಲ್ಲಿ ದಿನವಿಡೀ ಹಗಲು ರಾತ್ರಿಗಳು ಬದಲಾಗುತ್ತಿರುತ್ತವೆ, ಬಲ್ಬೂ ಬೇಗ ಹೋಗುತ್ತದೆ. ಡಿಮ್ಮಿಂಗ್ ಥರ್ಮೋಸ್ಟಾಟ್ ದೀಪಕ್ಕೆ ಹೋಗುವ ವಿದ್ಯುತ್ತನ್ನು ಕ್ರಮೇಣ ಏರಿಳಿಸುತ್ತದೆ. ಜುಲೈಯ ಮಧ್ಯಾಹ್ನ ಕೋಣೆ ಬೆಚ್ಚಗಾದಂತೆ ದೀಪ ತಾನಾಗಿ ಮಂದವಾಗುವುದು, ಜನವರಿಯ ಬೆಳಗ್ಗೆ ಪೂರ್ತಿ ಬೆಳಗುವುದು ಕಣ್ಣಿಗೆ ಕಾಣುತ್ತದೆ. ಸೆರಾಮಿಕ್ ಹೀಟರ್ ಬಳಸುವವರಿಗೆ ಬೇರೆಯದೇ ಆದ ಪಲ್ಸ್ ಥರ್ಮೋಸ್ಟಾಟ್ ಸಿಗುತ್ತದೆ. ಯುವಿಬಿ ಟ್ಯೂಬನ್ನು ಮಾತ್ರ ಯಾವ ಥರ್ಮೋಸ್ಟಾಟಿಗೂ ಜೋಡಿಸಬಾರದು, ಅದಕ್ಕೆ ಟೈಮರ್ ಒಂದೇ ಸಾಕು.

ಥರ್ಮೋಸ್ಟಾಟಿನ ಯಶಸ್ಸು ಅದರ ಪ್ರೋಬ್, ಅಂದರೆ ಬಿಸಿಯನ್ನು ಗ್ರಹಿಸುವ ತಂತಿಯ ತುದಿ, ಎಲ್ಲಿದೆ ಎಂಬುದರ ಮೇಲಿದೆ. ಪ್ರೋಬನ್ನು ಬಿಸಿಲು ಬೀಳುವ ಜಾಗದ ಅಂಚಿನಲ್ಲಿ, ಪ್ರಾಣಿ ಎಳೆದು ಬೀಳಿಸದಂತೆ ಗೋಡೆಗೆ ಕ್ಲಿಪ್ ಹಾಕಿ ಭದ್ರಪಡಿಸಬೇಕು. ಅದು ಜಾರಿ ತಂಪು ತುದಿಗೆ ಬಿದ್ದರೆ ಥರ್ಮೋಸ್ಟಾಟ್ ಗೂಡು ತಣ್ಣಗಿದೆ ಎಂದು ತಿಳಿದು ದೀಪವನ್ನು ಪೂರ್ತಿ ಶಕ್ತಿಯಲ್ಲಿ ಉರಿಸುತ್ತಲೇ ಇರುತ್ತದೆ. ಪ್ರಾಣಿಯೇ ಪ್ರೋಬಿನ ಮೇಲೆ ಮಲಗಿದರೂ ಲೆಕ್ಕ ತಪ್ಪುತ್ತದೆ. ಪ್ರೋಬ್ ಇರುವಲ್ಲಿನ ಬಿಸಿಯೂ ಕಲ್ಲಿನ ಮೇಲಿನ ಬಿಸಿಯೂ ಒಂದೇ ಅಲ್ಲವಾದ್ದರಿಂದ ಡಯಲನ್ನು 40ಕ್ಕೆ ತಿರುಗಿಸಿ ಬಿಡುವುದಲ್ಲ, ಗನ್ನಿನಿಂದ ಕಲ್ಲನ್ನು ಅಳೆಯುತ್ತ, ಅಲ್ಲಿ 40 ಬರುವವರೆಗೆ ಡಯಲನ್ನು ಸ್ವಲ್ಪ ಸ್ವಲ್ಪವೇ ಹೊಂದಿಸುವುದು ಸರಿಯಾದ ಕ್ರಮ. ರಾತ್ರಿ ನಮ್ಮ ಕೋಣೆ 18 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ, ಆದ್ದರಿಂದ ರಾತ್ರಿಯ ಹೀಟರ್ ಬೇಕಾಗಿಲ್ಲ. ಒಳನಾಡಿನ ಮರುಭೂಮಿಯ ರಾತ್ರಿಯೂ ತಣ್ಣಗೇ ಇರುತ್ತದೆ.

ಶಾಖ ಮತ್ತು ಯುವಿಬಿ ಎರಡನ್ನೂ ಒಂದೇ ಬಲ್ಬಿನಲ್ಲಿ ಕೊಡುವ ಮರ್ಕ್ಯುರಿ ವೇಪರ್ ದೀಪಗಳೂ ಇವೆ. ಎತ್ತರದ, ವಿಶಾಲವಾದ ಗೂಡಿಗೆ ಅವು ಒಳ್ಳೆಯವೇ. ಆದರೆ ಅವನ್ನು ಮಂದಗೊಳಿಸಲು ಬರುವುದಿಲ್ಲ, ಹಾಗಾಗಿ ಥರ್ಮೋಸ್ಟಾಟ್ ಉಪಯೋಗಕ್ಕೆ ಬಾರದು, ಮತ್ತು 60 ಸೆಂಟಿಮೀಟರ್ ಎತ್ತರದ ಗೂಡಿನಲ್ಲಿ ಸುರಕ್ಷಿತ ದೂರ ಉಳಿಸಿಕೊಳ್ಳುವುದೇ ಕಷ್ಟ. ಮೆಟಲ್ ಹೇಲೈಡ್ ದೀಪಗಳ ಬೆಳಕು ಬಿಸಿಲಿಗೆ ಅತಿ ಹತ್ತಿರವಾದದ್ದು, ಆದರೆ ಪ್ರತ್ಯೇಕ ಬ್ಯಾಲಾಸ್ಟ್ ಬೇಕು ಮತ್ತು ಖರ್ಚು ಹೆಚ್ಚು.

ಬೆಂಗಳೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗ ಫೋನಿನಲ್ಲಿ, "ಅಕ್ಕಾ, ಅಲ್ಲಿಂದ ಬರುವಾಗ ನನಗೂ ಒಂದು ಕಿಟ್ ತಂದುಕೊಡಿ" ಎಂದು ಕೇಳಿದ್ದಕ್ಕೆ ಕೊಟ್ಟ ಉತ್ತರ ಇನ್ನೂ ಕೆಲವರಿಗೆ ಉಪಯೋಗವಾಗಬಹುದು. ಬ್ರಿಟನ್ ಮತ್ತು ಭಾರತ ಎರಡರಲ್ಲೂ ಮನೆಯ ವಿದ್ಯುತ್ತು 230 ವೋಲ್ಟಿನದು, ಪ್ಲಗ್ ಬದಲಿಸಿದರೆ ಇಲ್ಲಿಯ ಕಿಟ್ ಅಲ್ಲಿ ಕೆಲಸ ಮಾಡುತ್ತದೆ. ಅಮೆರಿಕದಿಂದ 120 ವೋಲ್ಟಿನ ದೀಪ ತಂದರೆ ಸುಟ್ಟುಹೋಗುತ್ತದೆ. ಆದರೆ ಟ್ಯೂಬಿನೊಳಗೆ ಪಾದರಸವಿರುತ್ತದೆ, ಸೂಟ್‌ಕೇಸಿನಲ್ಲಿ ಒಡೆದರೆ ಅಪಾಯ, ಆದ್ದರಿಂದ ಅಲ್ಲಿಯೇ ಸಿಗುವುದನ್ನು ಕೊಳ್ಳುವುದು ಮೇಲು. ಅದಕ್ಕಿಂತ ಮುಖ್ಯವಾಗಿ, ನಡುಹಗಲಿನ ಯುವಿ ಸೂಚ್ಯಂಕ ಬೇಸಿಗೆಯಲ್ಲಿ 10 ದಾಟುವ ಊರಿನಲ್ಲಿ ಬೆಳಗಿನ ಎಳೆಬಿಸಿಲನ್ನೇ ಬಳಸಿಕೊಳ್ಳಬಹುದು: ತಾರಸಿಯ ಮೇಲೆ, ಕಾಗೆ ಹದ್ದುಗಳು ನುಗ್ಗದಂತೆ ಮುಚ್ಚಿದ ಜಾಲರಿಯ ಪಂಜರದಲ್ಲಿ, ಅರ್ಧ ಭಾಗ ನೆರಳಿರುವಂತೆ, ಪಕ್ಕದಲ್ಲೇ ಕೂತು ನೋಡಿಕೊಳ್ಳುತ್ತ. ಗಾಜಿನ ತೊಟ್ಟಿಯನ್ನು ಮಾತ್ರ ಬಿಸಿಲಿನಲ್ಲಿ ಇಡಲೇಬಾರದು. ಅದರೊಳಗಿನ ಪ್ರಾಣಿ ಕೆಲವೇ ನಿಮಿಷಗಳಲ್ಲಿ ಕಾದು ಸಾಯುತ್ತದೆ. ಅಷ್ಟೇ ಗಟ್ಟಿಯಾಗಿ ಅವನಿಗೆ ಹೇಳಿದ ಇನ್ನೊಂದು ಮಾತು ಕಾನೂನಿನದು. ನಕ್ಷತ್ರ ಆಮೆಯಂಥ ನಮ್ಮ ನಾಡಿನ ಕಾಡು ಸರೀಸೃಪಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಎಷ್ಟು ಒಳ್ಳೆಯ ದೀಪ ಹಾಕಿ ಸಾಕಿದರೂ ಅದು ಅಪರಾಧವೇ. ಹೊರದೇಶದ ಜಾತಿಯನ್ನು ಕೊಳ್ಳುವ ಮುನ್ನ ಅದಕ್ಕೆ ನೋಂದಣಿ ಬೇಕೇ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು.

ಬೆಲೆಯ ಮಾತಿಗೆ ಬಂದರೆ, 39 ವಾಟ್‌ನ ಕಿಟ್ ಇಲ್ಲಿ ಅಂಗಡಿಯಿಂದ ಅಂಗಡಿಗೆ 60ರಿಂದ 80 ಪೌಂಡ್‌ಗಳ ನಡುವೆ ಇರುತ್ತದೆ, ಹ್ಯಾಲೋಜನ್ ದೀಪ ಅದರ ಮುಂದೆ ಏನೂ ಅಲ್ಲ. ಟ್ಯೂಬ್ ಮತ್ತು 100 ವಾಟ್‌ನ ದೀಪ ದಿನಕ್ಕೆ 12 ಗಂಟೆ ಪೂರ್ತಿ ಉರಿದರೂ ತಿಂಗಳಿಗೆ ಸುಮಾರು 50 ಯೂನಿಟ್ ವಿದ್ಯುತ್ ಆಗುತ್ತದೆ. ಥರ್ಮೋಸ್ಟಾಟ್ ಮಂದಗೊಳಿಸುವುದರಿಂದ ನಿಜವಾದ ಬಳಕೆ ಅದಕ್ಕಿಂತ ಕಡಿಮೆ. ಮರೆಯಬಾರದ ಖರ್ಚು ಒಂದಿದೆ: ಟ್ಯೂಬನ್ನು ವರ್ಷಕ್ಕೊಮ್ಮೆ ಬದಲಿಸಬೇಕೆಂದು ತಯಾರಕರು ಹೇಳುತ್ತಾರೆ, ಏಕೆಂದರೆ ಕಣ್ಣಿಗೆ ಬೆಳಕು ಹಾಗೇ ಕಂಡರೂ ಯುವಿಬಿ ತಿಂಗಳುಗಳು ಕಳೆದಂತೆ ಇಳಿಯುತ್ತದೆ. ಮೀಟರ್ ಇರುವವರು ಅಳೆದು ನೋಡಿ, ಸೂಚ್ಯಂಕ ಇನ್ನೂ 3ರ ಮೇಲಿದ್ದರೆ ಕೆಲವು ತಿಂಗಳು ಮುಂದುವರಿಸಬಹುದು. ಇಲ್ಲದವರು ಹಾಕಿದ ತಾರೀಖನ್ನು ಟ್ಯೂಬಿನ ಲೋಹದ ತುದಿಯ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟುಕೊಂಡು ವರ್ಷಕ್ಕೆ ಸರಿಯಾಗಿ ಬದಲಿಸಲಿ. ಹೊಸ ಟ್ಯೂಬ್ ಮೊದಲ ನೂರು ಗಂಟೆಗಳ ಕಾಲ ತನ್ನ ಸಹಜ ಮಟ್ಟಕ್ಕಿಂತ ಹೆಚ್ಚು ಯುವಿಬಿ ಕೊಡುತ್ತದೆ, ಆದ್ದರಿಂದ ಬದಲಿಸಿದ ಮೊದಲ ಒಂಬತ್ತು ದಿನ ಕಲ್ಲನ್ನು ಐದಾರು ಸೆಂಟಿಮೀಟರ್ ತಗ್ಗಿಸಿಡುವುದು ಕ್ಷೇಮ. ಕಲ್ಲು ತಗ್ಗಿದಾಗ ಹ್ಯಾಲೋಜನ್‌ನಿಂದಲೂ ದೂರವಾಗುವುದರಿಂದ ಗನ್ನಿನಿಂದ ಬಿಸಿಯನ್ನು ಮತ್ತೆ ಅಳೆದು ಥರ್ಮೋಸ್ಟಾಟಿನ ಡಯಲನ್ನು ಅದಕ್ಕೆ ತಕ್ಕಂತೆ ಹೊಂದಿಸಬೇಕು. ಹಳೆಯ ಟ್ಯೂಬನ್ನು ಮನೆಯ ಕಸಕ್ಕೆ ಹಾಕದೆ, ಪಾದರಸದ ದೀಪಗಳನ್ನು ತೆಗೆದುಕೊಳ್ಳುವ ಮರುಬಳಕೆ ಕೇಂದ್ರಕ್ಕೆ ಕೊಟ್ಟು ಬರಬೇಕು.